ಗಿರಿಯವ್ವನ ತಂಬಿಗೆ

ಕಾಶವ್ವ ವಿಲಾಯತಿಯ ವೆಂಬ್ಲಿಯಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದರು. ಪ್ರತಿ ಮಂಗಳವಾರ ಬಸ್ಸು ಹಿಡಿದು ಕ್ವೀನ್ಸ್‌ಬರಿಯ ನಮ್ಮ ಮನೆಗೆ ಬರುತ್ತಿದ್ದರು. ನನ್ನ ಹೆಂಡತಿ ನೀಲವ್ವ ಅಂದು ರೊಟ್ಟಿ ಬಡಿಯುತ್ತಿದ್ದಳು. ಇಬ್ಬರೂ ಹಿರೇಕೆರೂರಿನ ಕಡೆಯವರು. ಅದು ತಿಳಿದದ್ದು ಈಲಿಂಗ್ ರಸ್ತೆಯ ಅಂಗಡಿಯಲ್ಲಿ, ಇಬ್ಬರೂ ಒಂದೇ ಪುಂಡಿಪಲ್ಯದ ಕಟ್ಟಿಗೆ ಕೈ ಹಾಕಿದಾಗ.

ಒಂದು ದಿನ ಲೋಟಗಳೆಲ್ಲ ಮುಸುರೆಯಲ್ಲಿದ್ದವು. ನೀಲವ್ವ ದೇವರ ಜಗಲಿಯ ತಾಮ್ರದ ತಂಬಿಗೆಯಲ್ಲಿ ನೀರು ಕೊಟ್ಟಳು. ಕಾಶವ್ವ ಎತ್ತಿದವರು ಕಂಠದಲ್ಲಿ ಕೊರೆದ ಹೆಸರು ಓದಿ, ಕುಡಿಯದೆ ಕೆಳಗಿಟ್ಟರು.

"ಬಣಕಾರ ಗಿರಿಯವ್ವ ಅಂದ್ರ ನಮ್ಮಜ್ಜಿ. ಇದು ನಿನ್ನ ಕಡೆ ಹೆಂಗ ಬಂತು?"

ನೀಲವ್ವ ಹಿಗ್ಗಿದಳು. "ಯವ್ವಾ, ನಿಮ್ಮ ಮನಿದ ಏನು ಇದು? ತಿರುಗಿ ಕೊಡಬೇಕಂತ ನಮ್ಮಜ್ಜ ಸಾಯೂತನಕ ಅಂತಿದ್ದ."

ಬ್ರಿಟಿಷರ ಕಾಲದ ಮಾತು. ಬೆಳೆ ಹೋದರೂ ಕಂದಾಯ ಕೇಳಿದರು. ಊರು ಕೊಡಲಿಲ್ಲ. ಪಾತ್ರೆಗಳನ್ನು ಜಪ್ತಿ ಮಾಡಿ ಚಾವಡಿಯ ಮುಂದೆ ಹರಾಜಿಗಿಟ್ಟರು. ಯಾರೂ ಕಲ್ಲೆತ್ತಲಿಲ್ಲ, ಹರಾಜಿನಲ್ಲಿ ಬೆಲೆ ಕೂಗಬಾರದೆಂದು ಕಟ್ಟು ಮಾಡಿಕೊಂಡಿದ್ದರಿಂದ ಬಾಯಿಯನ್ನೂ ತೆರೆಯಲಿಲ್ಲ. ತಂಬಿಗೆ ಪರವೂರಿನವರ ಪಾಲಾದೀತೆಂದು ನೀಲವ್ವನ ಅಜ್ಜ ಮಾತ್ರ ನಾಲ್ಕಾಣೆಗೆ ಕೂಗಿದ. ಮರಳಿಸಲು ಹೋದಾಗ ಗಿರಿಯವ್ವನ ಮನೆಯವರು ಬಾಗಿಲು ತೆಗೆಯಲಿಲ್ಲ. ಕಟ್ಟು ಮುರಿದನೆಂದು ಊರು ಅವನಿಗೆ ನೀರು, ಬೆಂಕಿ ನಿಲ್ಲಿಸಿತು. ಅವನು ಊರು ಬಿಟ್ಟ.

"ಒಯ್ಯಿ, ನಿಂದ ಐತಿ," ಎಂದಳು ನೀಲವ್ವ.

"ಒಯ್ದ್ರ ಕಂದಾಯ ಕೊಟ್ಟಂಗ ಆಗತೈತಿ. ನಿಮ್ಮಜ್ಜನ ನಾಲ್ಕಾಣೆ ನಮ್ಮಜ್ಜಿ ಹೆಸರಿನ ಕಂದಾಯಕ್ಕ ಜಮಾ ಆತು. ಕೊಡೂದಿಲ್ಲಂತ ಆಕಿ ಜೈಲಿಗೆ ಹೋಗಿದ್ಲು."

"ಅಂವ ಚಲೋದಕ್ಕ ಮಾಡಿದ್ದ."

"ಎಲ್ಲಾರೂ ಚಲೋದಕ್ಕ ಒಂದೊಂದು ಕೂಗಿದ್ರ ಸರಕಾರಕ್ಕ ಏನ್ ಕಡಿಮಿ ಆಗತಿತ್ತು?"

ನೀಲವ್ವ ನನ್ನತ್ತ ನೋಡಿದಳು. ನಾನು ಧಾರವಾಡದಲ್ಲಿ ಆಯುಷ್ಯವಿಡೀ ಗಣಿತ ಕಲಿಸಿದವನು.

"ಅವರ ಲೆಕ್ಕ ಬರೋಬ್ಬರಿ ಐತಿ," ಎಂದೆ.

"ಮಗ್ಗಿ ಪುಸ್ತಕಾನ ಮದುವಿ ಆಗೀನಿ ನಾನು," ಎಂದಳು ನೀಲವ್ವ.

ಮುಂದಿನ ಮಂಗಳವಾರ ಕಾಶವ್ವ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಫೋನು ಮಾಡಿದರೆ ಆರೋಗ್ಯ ಕೇಳುತ್ತಿದ್ದರು. ಬಾ ಎಂದರೆ, "ನಿಮ್ಮ ಮನಿ ನೀರು ಗಂಟಲದಾಗ ಇಳಿಯೂದಿಲ್ಲ ಯವ್ವಾ," ಎನ್ನುತ್ತಿದ್ದರು. ನೀಲವ್ವ ಆದರೂ ರೊಟ್ಟಿ ಬಡಿಯುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಚಳಿಗಾಲದಲ್ಲಿ ಅವಳ ಹೃದಯ ಸೋತಿತು. ಇನ್ನು ಮಾಡುವುದೇನೂ ಇಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದರು.

"ತಂಬಿಗಿ ಒಯ್ಯೂದು ಬ್ಯಾಡ ಅನ್ರಿ," ಎಂದಳು. "ಒಂದು ಸಲ ಬಂದು ನೀರು ಕುಡದು ಹೋಗಲಿ."

ಶುಕ್ರವಾರ ಕಾಶವ್ವನಿಗೆ ಫೋನಿನಲ್ಲಿ ಹೇಳಿದೆ. "ಮಂಗಳವಾರ ಬರತೀನ್ರಿ," ಎಂದರು.

ನೀಲವ್ವ ಭಾನುವಾರ ತೀರಿಕೊಂಡಳು.

ಕಾಶವ್ವ ಮಂಗಳವಾರವೇ ಬಂದರು. ಅಡುಗೆಮನೆಯಲ್ಲಿ ತಮ್ಮ ಹಳೆಯ ಜಾಗದಲ್ಲಿ ಕೂತರು. ಮೇಜಿನ ಮೇಲಿದ್ದ ತಂಬಿಗೆಯನ್ನು ಸರಿಸಲು ಹೋದೆ.

"ಇರಲಿ ಬಿಡ್ರಿ. ಅದು ನನಗ ಇವತ್ತೂ ಬ್ಯಾಡ. ಲೋಟದಾಗ ಒಂದೀಟು ನೀರು ಕೊಡ್ರಿ."

ನಲ್ಲಿಯಿಂದ ಹಿಡಿದು ಕೊಟ್ಟೆ. ನಡುವೆ ಉಸಿರು ತೆಗೆದುಕೊಳ್ಳುತ್ತ, ಪೂರ್ತಿ ಕುಡಿದರು. ಎದುರಿನ ಖಾಲಿ ಕುರ್ಚಿಗೆ, "ಸಿಹಿ ಐತಿ ನೀಲಾ, ನಿಮ್ಮ ಮನಿ ನೀರು," ಎಂದರು.

ನಮ್ಮ ನಲ್ಲಿಯ ನೀರಿಗೆ ಸುಣ್ಣದ ರುಚಿ. ನಾನು ತಿದ್ದಲಿಲ್ಲ.