ಓಗೊಡದವಳು

ಕೆ.ಆರ್. ನಗರದ ಶಾಲೆಗೆ ನಾನು ವರ್ಗವಾಗಿ ಬಂದ ಮೇಲೆ ಇದು ಮೂರನೆಯ ಮೆಮೊ. ‘ಗುರುಶಾಂತಮ್ಮನವರು ನಿಯಮದಂತೆ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುತ್ತಿಲ್ಲ. ಕಾರಣ ತಿಳಿಸುವುದು.’ ಮೊದಲಿನ ಎರಡಕ್ಕೂ ಒಂದೇ ಸಾಲು ಬರೆದು ಕಳಿಸಿದ್ದೆ: ‘ನನಗೆ ಕಣ್ಣಿದೆ.’ ಅದು ಉದ್ಧಟತನವಂತೆ. ಸರಿ, ಈ ಸಲ ಪೂರ್ತಿ ಬರೆಯುತ್ತೇನೆ. ಓದುವ ತಾಳ್ಮೆ ಮೆಮೊ ಕಳಿಸಿದವರಿಗಿರಲಿ.

ನಾಲ್ಕು ವರ್ಷದ ಹಿಂದೆ, ಐವತ್ನಾಲ್ಕರ ಆಷಾಢದಲ್ಲಿ, ನನ್ನನ್ನು ಬೆಟ್ಟದಪುರದ ಹತ್ತಿರದ ಒಂದು ಹಳ್ಳಿಗೆ ಹಾಕಿದ್ದರು. ಹೆಡ್‌ಮೇಷ್ಟ್ರು ಷಣ್ಮುಖಪ್ಪನವರು ಮತ್ತು ನಾನು, ಇಬ್ಬರೇ. ಷಣ್ಮುಖಪ್ಪನವರು ಕೆಟ್ಟವರಲ್ಲ. ಒಂದು ದಿನ ತಡವಾಗಿ ಬಂದವರಲ್ಲ, ಮಕ್ಕಳ ಮೇಲೆ ಕೈ ಮಾಡಿದವರಲ್ಲ. ಹನ್ನೆರಡು ವರ್ಷದ ಹಾಜರಿ ಪುಸ್ತಕದಲ್ಲಿ ಒಂದು ಚಿತ್ತಿಲ್ಲ ಅನ್ನುವುದೇ ಅವರ ಹೆಮ್ಮೆ. ಎಲ್ಲ ತರಗತಿಯ ಹಾಜರಿಯನ್ನೂ ತಾವೇ ಕೂಗುತ್ತಿದ್ದರು, ಅದೂ ಪುಸ್ತಕದಿಂದ ತಲೆ ಎತ್ತದೆ. ‘ಹಾಜರ್’ ಎಂದು ಕಿವಿಗೆ ಬಿದ್ದರೆ ಒಂದು ಗೀಟು, ಬೀಳದಿದ್ದರೆ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ.

ನಾನು ಹೋದ ದಿನ ಶಾಲೆಯ ಜಗಲಿಯ ಮೇಲೆ ಒಂಬತ್ತು ವರ್ಷದ ಒಬ್ಬ ಹುಡುಗಿ ಕೂತಿದ್ದಳು. ಒಳಗೆ ಹಲಗೆಯ ಮೇಲೆ ಬರೆದದ್ದನ್ನೆಲ್ಲ ಬಾಗಿಲಿನಿಂದ ಇಣುಕಿ ನೋಡಿ ಸ್ಲೇಟಿಗೆ ಇಳಿಸುತ್ತಿದ್ದಳು. ದುಂಡಗಿನ ಅಕ್ಷರ. ಕರೆದೆ, ತಿರುಗಲಿಲ್ಲ. ಕಿವಿ ಕೇಳದ, ಮಾತು ಬಾರದ ಮಗು. ಹೆಸರು ದೇವೀರಿ, ಕೂಲಿ ಮಾಡುವ ಸೋಮಯ್ಯ ಮತ್ತು ರಾಚಮ್ಮನ ಮಗಳು.

“ಒಳಗೆ ಯಾಕೆ ಕೂರಿಸಿಲ್ಲ ಮೇಷ್ಟ್ರೇ?”

“ಅವಳ ಹೆಸರು ಹೊಡೆದುಹಾಕಿದೆ ಕಣಮ್ಮ. ಮೂವತ್ತು ದಿನ ಸತತ ಗೈರುಹಾಜರಿ.”

“ಅಷ್ಟು ದಿನ ಬರಲೇ ಇಲ್ವೇ?”

“ದಿನಾ ಬಂದಳು. ಮುಂದಿನ ಸಾಲಲ್ಲೇ ಕೂರೋಳು. ಆದ್ರೆ ಕೂಗಿದ್ರೆ ಓಗೊಡಲಿಲ್ಲವಲ್ಲ, ಹಾಜರಿ ಹೇಗೆ ಹಾಕ್ಲಿ? ಅವಳ ಬದಲು ಬೇರೆಯವರು ಹೇಳೋ ಹಾಗಿಲ್ಲ. ರೂಲ್ಸು.”

ಕಣ್ಣೆದುರು ಕೂತ ಮಗುವಿಗೆ ಮೂವತ್ತು ದಿನ ಸೊನ್ನೆ ಸುತ್ತಿದ್ದಾರೆ, ಅದೂ ಒಂದು ಚಿತ್ತಿಲ್ಲದೆ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಮತ್ತೆ ಸೇರಿಸಿಕೊಳ್ಳಿ ಎಂದು ಜಗಳಕ್ಕೇ ನಿಂತೆ.

“ಸೇರಿಸ್ಕೊಂಡ್ರೂ ನಾಳೆಯಿಂದ ಮತ್ತೆ ಸೊನ್ನೆಯೇ ಅಲ್ವೇನಮ್ಮ?” ಎಂದರು. ನಿಜವಾಗಿಯೂ ನೊಂದುಕೊಂಡೇ ಹೇಳಿದರು.

ನಾನು ಆಗ ಹಂಗಾಮಿ. ಅವರು ಒಂದು ಮಾತು ಬರೆದರೆ ಕೆಲಸ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಈ ಮೆಮೊ ಬರೆದವರಿಗಿಂತ ಆ ನನ್ನ ಬಾಯಿಯ ಮೇಲೆ ನನಗೆ ಹೆಚ್ಚು ಸಿಟ್ಟಿದೆ.

ಶ್ರಾವಣದಲ್ಲಿ ಹೊಗೆಸೊಪ್ಪಿನ ಕೆಲಸ ಶುರುವಾಯಿತು, ಜಗಲಿ ಖಾಲಿಯಾಯಿತು. ಸೋಮಯ್ಯನ ಗುಡಿಸಲಿಗೆ ಹೋಗಿ ಕೇಳಿದೆ.

“ಇಸ್ಕೂಲ್ನಲ್ಲಿ ಎಸ್ರೇ ಇಲ್ಲ ಅಂದ್ರು ಕಣ್ರವ್ವಾ. ಎಸ್ರಿಲ್ದೋಳು ಜಗಲೀಲಿ ಕೂತು ಏನ್ ಮಾಡಾಳು? ಚಿಕ್ಕಬಸಪ್ಪೋರ ಬ್ಯಾರನ್‌ಗೆ ಕರ್ಕೊಂಡೋಯ್ತಾ ಇವ್ನಿ” ಎಂದ.

ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಮನೆ. ಎತ್ತರದ ಗೋಡೆ, ಒಂದೇ ಬಾಗಿಲು, ನೆಲದುದ್ದಕ್ಕೂ ಬೆಂಕಿಯ ಕಾವು ಹರಿಯುವ ತಗಡಿನ ಕೊಳವೆ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಸೂರಿನವರೆಗೆ ಏರಿಸಿದ ಮೇಲೆ ಒಬ್ಬ ಬಾಗಿಲಲ್ಲಿ ನಿಂತು, “ಒಳಗ್ಯಾರಾರ ಇದ್ದೀರೇನ್ರಲಾ?” ಎಂದು ಮೂರು ಸಲ ಕೂಗುತ್ತಾನೆ. ಯಾರೂ ಓಗೊಡದಿದ್ದರೆ ಬಾಗಿಲು ಜಡಿದು, ಸಂದಿಗೆ ಮಣ್ಣು ಮೆತ್ತಿ, ಒಲೆ ಹಚ್ಚುತ್ತಾರೆ.

ಆ ಶುಕ್ರವಾರವೂ ಮೂರು ಸಲ ಕೂಗಿದರು. ದೇವೀರಿ ಒಳಗೆ, ಮೂಲೆಯಲ್ಲಿ, ಉದುರಿದ ಎಲೆ ಆಯುತ್ತಾ ದಣಿದು ನಿದ್ದೆ ಹೋಗಿದ್ದಳು.

ರಾಚಮ್ಮ ಮುದ್ದೆ ಹಿಡಿದುಕೊಂಡು ಮಗಳನ್ನು ಹುಡುಕುವಾಗ ಒಳಗಿನಿಂದ ಬಾಗಿಲು ಬಡಿಯುವುದು ಕೇಳಿಸಿತಂತೆ. ಬಾಗಿಲು ತೆಗೆಸಿ ಹೊರಗೆಳೆದಾಗ ಜೀವವಿತ್ತು. ಕತ್ತಲಲ್ಲಿ ದಾರಿ ಸಿಗದೆ ಕಾದ ಕೊಳವೆಯನ್ನೇ ಹಿಡಿದಿದ್ದಳು, ಎರಡೂ ಅಂಗೈ ಸುಲಿದುಹೋಗಿದ್ದವು. ಸುದ್ದಿ ಕೇಳಿ ನಾನು ಓಡಿದೆ. ಗಾಡಿ ಕಟ್ಟಿಸಿ ಪಿರಿಯಾಪಟ್ಟಣದ ಆಸ್ಪತ್ರೆಗೆ ಕಳಿಸುವಾಗ ಚಿಕ್ಕಬಸಪ್ಪ ನನ್ನ ಹಿಂದೆ ಹಿಂದೆಯೇ ಬರುತ್ತಿದ್ದರು. “ಕೂಗುದ್ವಿ ಅಮ್ಮಾವ್ರೇ, ಮೂರ್ ಸಾರ್ತಿ ಕೂಗುದ್ವಿ. ಓಗೊಡ್ನಿಲ್ಲ. ನಮ್ದೇನ್ ತಪ್ಪು?”

ಈ ಮಾತನ್ನು ನಾನು ಶಾಲೆಯಲ್ಲಿ ಆಗಲೇ ಕೇಳಿದ್ದೆ.

ನೆಟ್ಟಗೆ ಶಾಲೆಗೆ ಬಂದೆ. ಷಣ್ಮುಖಪ್ಪನವರ ಮುಂದೆ ಹಾಜರಿ ಪುಸ್ತಕ ಬಿಚ್ಚಿ, ಆ ಮೂವತ್ತು ಸೊನ್ನೆಗಳ ಮೇಲೆ ಕೈಯಿಟ್ಟೆ.

“ಅಲ್ಲೂ ಕೂಗಿದ್ರಂತೆ ಮೇಷ್ಟ್ರೇ. ಓಗೊಡಲಿಲ್ಲವಂತೆ. ಬಾಗಿಲು ಹಾಕಿ ಬೆಂಕಿ ಇಟ್ರು. ಒಬ್ಬನಾದ್ರೂ ಒಳಗೆ ತಲೆ ಹಾಕಿ ನೋಡಲಿಲ್ಲ.” ನನ್ನ ದನಿ ಬೀದಿಯ ಕೊನೆಯವರೆಗೆ ಕೇಳಿಸಿರಬೇಕು. “ನೀವು ಮೂವತ್ತು ದಿನ ಹಾಕಿದ ಬಾಗಿಲನ್ನ ಅವರು ಒಂದು ದಿನ ಹಾಕಿದ್ದಾರೆ. ಈಗ ನನ್ನ ಕೆಲಸ ತೆಗೀತೀರಾ? ತೆಗೀರಿ.”

ಮಕ್ಕಳು ಮನೆಗೆ ಹೋದ ಮೇಲೂ ಅವರು ಕುರ್ಚಿಯಲ್ಲೇ ಕೂತಿದ್ದರು.

ಇಪ್ಪತ್ತು ದಿನದ ಮೇಲೆ ತಾವೇ ಗುಡಿಸಲಿಗೆ ಹೋಗಿ, ಸೋಮಯ್ಯನನ್ನು ಒಪ್ಪಿಸಿ, ದೇವೀರಿಯನ್ನು ಕರೆತಂದು ಮುಂದಿನ ಸಾಲಲ್ಲಿ ಕೂರಿಸಿದರು. ಪುಸ್ತಕದಲ್ಲಿ ಹೆಸರು ಮತ್ತೆ ಬರೆಯುವಾಗ ಚಿತ್ತಾಯಿತು. ಹಾಜರಿ ಕೂಗುತ್ತಾ ಅವಳ ಹೆಸರಿಗೆ ಬಂದಾಗ ನಿಲ್ಲಿಸಿದರು. ತಲೆ ಎತ್ತಿ ಅವಳ ಮುಖ ನೋಡಿದರು.

ದೇವೀರಿ ಹೆದರಿ ಎದ್ದು ನಿಂತಳು. ಮೇಷ್ಟ್ರು ತನ್ನನ್ನು ಅಷ್ಟು ಹೊತ್ತು ನೋಡಿದ್ದೇ ಅವಳಿಗೆ ಹೊಸದು. ಪೆಟ್ಟು ತಿನ್ನುವ ಮಕ್ಕಳು ಚಾಚುವ ಹಾಗೆ, ಬಟ್ಟೆ ಸುತ್ತಿದ ಎರಡೂ ಕೈಯನ್ನು ಅವರ ಮುಂದೆ ಚಾಚಿದಳು. ಷಣ್ಮುಖಪ್ಪನವರು ಪುಸ್ತಕ ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಮತ್ತೆ ಯಾವತ್ತೂ ಅವರು ಹಾಜರಿ ಕೂಗಲಿಲ್ಲ.

ಅಲ್ಲಿಂದ ಹೆಗ್ಗಡದೇವನಕೋಟೆಗೆ, ಅಲ್ಲಿಂದ ಇಲ್ಲಿಗೆ ಬಂದಿದ್ದೇನೆ. ಎಲ್ಲಿಯೂ ನಾನು ಹೆಸರು ಕೂಗುವುದಿಲ್ಲ. ಸಾಲು ಸಾಲಾಗಿ ನಡೆದು, ಒಂದೊಂದು ಮುಖವನ್ನೂ ನೋಡಿ ಗೀಟು ಹಾಕುತ್ತೇನೆ. ಹತ್ತು ನಿಮಿಷ ಹಿಡಿಯುತ್ತದೆ. ಇದು ತಪ್ಪು ಎನ್ನುವುದಾದರೆ ನಾಲ್ಕನೆಯ ಮೆಮೊ ಕಳಿಸಬೇಡಿ. ಬಂದು ನೋಡಿ.