ಅಪ್ಪನ ಕಾಲಡಿಯ ನೆಲ

ಬಹಳ ಹಿಂದೇನಲ್ಲ, ನಿನ್ನೆ ಸಂಜೆಯವರೆಗೂ, ಒಂದಾನೊಂದು ಓಣಿಯಲ್ಲಿ ನಿಂತ ನೆಲವೇ ಗಾಣದಂತೆ ತಿರುಗುವ ಒಬ್ಬ ಮನುಷ್ಯನಿದ್ದ. ಊರವರ ಬಟ್ಟೆಯ ಸುಕ್ಕನ್ನೆಲ್ಲ ತೆಗೆಯುತ್ತಿದ್ದ ಅವನಿಗೆ ಒಬ್ಬಳು ಹೆಂಡತಿ, ಒಬ್ಬಳು ಮಗಳು. ಆ ಮಗಳು ಈಗ ಅಂಗಡಿಯ ಷಟರ್ ಎಳೆದುಕೊಂಡು, ಅಪ್ಪನ ಬಿಳಿ ಅಂಗಿಗೆ ನೀರು ಚಿಮುಕಿಸಿ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಕಾಲರಿನ ಮೇಲೆ ಒತ್ತುತ್ತಿದ್ದಳು. ಗೋಡೆಯಾಚೆ, ಮನೆಯ ನಡುಕೋಣೆಯಲ್ಲಿ, ಅಪ್ಪನ ಹೆಣ ಬನಿಯನ್ನಿನಲ್ಲೇ ಮಲಗಿತ್ತು. ನಿನ್ನೆ ಅಂಗಡಿಯಿಂದ ಹೊರಗೆ ಬಂದವನು ತೂರಾಡಿ, ಚರಂಡಿಯ ಕಲ್ಲಿಗೆ ತಲೆ ಬಡಿದು, ಮತ್ತೆ ಎದ್ದಿರಲಿಲ್ಲ.

"ತೋಳಿಗೆ ಎರಡು ಗೆರೆ ಬಿತ್ತಲ್ಲೇ," ಅಂದಳು ಬಟ್ಟೆಗಂಟಿನ ಮೇಲೆ ಕೂತಿದ್ದ ಅತ್ತೆ, ಅಪ್ಪನ ಅಕ್ಕ. "ನೋಡಿದ್ರೆ ಎದ್ದು ಬಂದು ಬೈತಾನೆ."

"ಬೈಲಿ ಬಿಡತ್ತೆ. ಬರಲಿ."

ಅತ್ತೆ ಕಣ್ಣೊರೆಸಿಕೊಂಡಳು. "ನಿಮ್ಮಮ್ಮ ಒಂದು ಹನಿ ಕಣ್ಣೀರು ಹಾಕ್ಲಿಲ್ಲ."

"ಕುಡಿದು ಬಿದ್ದ ಅಂತ ಅವಳಿಗೆ ಕೋಪ."

"ನನ್ನ ತಮ್ಮನಾ? ಕೆಮ್ಮಿನ ಔಷಧಿ ಕುಡಿಯೋಕೂ ನನ್ನನ್ನ ಕೇಳ್ತಿದ್ನಲ್ಲೇ ಅವನು!"

*

ತಲೆ ತಿರುಗಲು ಶುರುವಾಗಿ ಎರಡು ವರ್ಷ. ಮೊದಲು ಕನ್ನಡಕ ಬದಲಾಯಿತು. ಕಿವಿಯ ಡಾಕ್ಟರು ಕಿವಿಯೊಳಗೆ ಇಣುಕಿ, ತಲೆಯನ್ನು ಆಚೀಚೆ ಹೊರಳಿಸಿ, ಏನೂ ಇಲ್ಲ ಅಂದರು. ಕತ್ತಿನ ಎಕ್ಸ್‌-ರೇ ನೋಡಿದವರು ಮೂಳೆ ಸವೆದಿದೆ ಅಂದರು. ಪಿತ್ತ ಅಂದವರು ನಿಂಬೆರಸ ಕುಡಿಸಿದರು. ಏನು ತಿಂದೆ ಎಂದು ಎಲ್ಲರೂ ಕೇಳಿದರು. ಎಲ್ಲಿ ನಿಂತು ಕೆಲಸ ಮಾಡುತ್ತೀ ಎಂದು ಒಬ್ಬರೂ ಕೇಳಲಿಲ್ಲ. ಅಪ್ಪ ಮೇಜಿನ ಅಂಚು ಹಿಡಿದು, ಎದುರಿಗಿದ್ದ ಅಂಗಿಯ ಒಂದೇ ಒಂದು ಗುಂಡಿಯನ್ನು ದಿಟ್ಟಿಸುತ್ತ, "ನಿಲ್ಲು ಮಾರಾಯ್ತಿ, ನಿಲ್ಲು," ಎಂದು ನೆಲವನ್ನು ಬೇಡಿಕೊಳ್ಳುವುದನ್ನು ಕಲಿತ. ಓಣಿಯವರು ಅವನಿಗೆ 'ತೂಗುಮಂಚ' ಎಂದು ಹೆಸರಿಟ್ಟರು.

ಅಮ್ಮ ದಿನಾ ಸಂಜೆ ಅವನ ಬಾಯಿ ಮೂಸುತ್ತಿದ್ದಳು.

"ಏನು ಬಂತು?" ಅನ್ನುತ್ತಿದ್ದ ಅಪ್ಪ.

"ಏನೂ ಬರಲ್ಲ. ವಾಸನೆ ಇಲ್ಲದ್ದು ಯಾವುದನ್ನೋ ಹುಡುಕ್ಕೊಂಡಿದ್ದೀರಿ."

ಅಪ್ಪ ನಕ್ಕುಬಿಡುತ್ತಿದ್ದ. ಒಂದು ದಿನ ಮಾತ್ರ ನಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಗಳ ಕೈ ಹಿಡಿದುಕೊಂಡ.

"ನೀನು ಓದಿದವಳು. ಕಾರಣ ಹುಡುಕು ಮಗಳೇ. ಸಿಕ್ಕಿದ್ರೆ ಮೊದಲು ನಿಮ್ಮಮ್ಮನಿಗೆ ಹೇಳು. ಎಲ್ಲ ಹೇಳು, ಒಂದೂ ಮುಚ್ಚಿಡ್ಬೇಡ. ಆಣೆ?"

"ಆಣೆ," ಅಂದಿದ್ದಳು.

*

"ಏನೇ ಇದು?" ಅತ್ತೆ ಗೋಡೆ ತಡವಿದಳು. "ನೆಲ ತಿರುಗ್ತಿದೆ ಕಣೇ!"

ಮಗಳಿಗೆ ಕಾಲರು ಎರಡಾಗಿ ಕಾಣುತ್ತಿತ್ತು. ತಲೆ ಸಿಡಿಯುತ್ತಿತ್ತು. ಷಟರ್ ಎತ್ತಿ, ಅತ್ತೆಯನ್ನು ಎಳೆದುಕೊಂಡು ಹೊರಗೆ ಬಂದು ಕುಸಿದಳು. ಬೀದಿಯಲ್ಲಿ ಕುರ್ಚಿ ಹಾಕಿ ಕೂತಿದ್ದವರು ದಡಬಡಿಸಿ ಎದ್ದರು.

"ಹೊಟ್ಟೆಗಿಲ್ದೆ ಅಳ್ತಾ ಕೂತ್ರೆ ಇನ್ನೇನಾಗುತ್ತೆ," ಅಂದ ಎದುರು ಅಂಗಡಿಯ ದರ್ಜಿ.

"ನಾನು ಗಡದ್ದಾಗಿ ತಿಂದಿದ್ದೀನಪ್ಪಾ," ಅಂದಳು ಅತ್ತೆ, ತಲೆ ಹಿಡಿದುಕೊಂಡೇ.

ಹಿಂದಿನ ಕುರ್ಚಿಯಿಂದ ಒಬ್ಬ ಮುದುಕ ಎದ್ದು ಬಂದ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡವನು. ಬಟ್ಟೆ ಕೊಡಲು ಬಂದರೆ ಹೊರಗಿನಿಂದಲೇ ಕೊಟ್ಟು ಹೋಗುತ್ತಿದ್ದ.

"ಒಳಗೆ ಕೆಂಡ ಇಟ್ಕೊಂಡು ಷಟರ್ ಹಾಕಿದ್ರಾ?"

"ಹೂಂ."

"ನಿಮ್ಮಪ್ಪನಿಗೆ ರಜೆ ದಿನ ತಲೆ ತಿರುಗ್ತಿತ್ತಾ?"

ಅವಳು ಬಾಯಿ ತೆರೆದಳು. ಎರಡು ವರ್ಷದ ರಜೆಗಳೆಲ್ಲ ಒಟ್ಟಿಗೆ ಕಣ್ಣೆದುರು ಬಂದು ನಿಂತವು. "ಇಲ್ಲ."

"ಚಳಿಯಲ್ಲಿ ಜಾಸ್ತಿ?"

"ಚಳೀಲಿ ಷಟರ್ ಅರ್ಧ ಎಳ್ಕೊಳ್ತಿದ್ದ..."

"ಕೆಂಡದ ವಿಷಗಾಳಿ ತಾಯಿ ಅದು. ಬಣ್ಣ ಇಲ್ಲ, ವಾಸನೆ ಇಲ್ಲ. ಕುಡಿದವರ ಹಾಗೇ ತೂರಾಡಿಸುತ್ತೆ. ನಮ್ಮಲ್ಲಿ ಇಬ್ಬರನ್ನ ತಗೊಂಡು ಹೋಗಿದೆ." ಅವನು ಬಾಗಿಲಲ್ಲೇ ನಿಂತು ಕತ್ತೆತ್ತಿದ. "ಗಾಳಿ ಹೋಗೋಕೆ ಮೇಲೆ ಒಂದು ಕಿಂಡಿ ಇರ್ಬೇಕಲ್ಲ. ಆ ಹಲಗೆ ಹೊಡೆದದ್ದು ಯಾರು?"

ದರ್ಜಿ ನೀರಿನ ಲೋಟವನ್ನು ಯಾರಿಗೆ ಕೊಡಲು ತಂದೆನೆಂಬುದನ್ನೇ ಮರೆತು ನಿಂತ. ಅತ್ತೆ ತಮ್ಮನ ಮಗಳ ಕೈಯನ್ನು ಬಲವಾಗಿ ಹಿಡಿದಳು.

*

ಎರಡು ವರ್ಷದ ಹಿಂದೆ ರಸ್ತೆಯ ಮಸಿ ಆ ಕಿಂಡಿಯಿಂದ ಒಳಗೆ ಬಂದು ಮೇಷ್ಟರ ಬಿಳಿ ಅಂಗಿಯ ಮೇಲೆ ಚುಕ್ಕೆ ಹಾಕಿತ್ತು. ಮೇಷ್ಟರು ಬೀದಿಗೆಲ್ಲ ಕೇಳುವಂತೆ ಬೈದು ಹೋದರು. ಗಂಡ ತಲೆತಗ್ಗಿಸಿ ನಿಂತದ್ದನ್ನು ನೋಡಲಾರದೆ ಅಮ್ಮ ತೋಳು ಮೇಲೇರಿಸಿ ಇಸ್ತ್ರಿಮೇಜು ಹತ್ತಿದಳು. ಒಂದು ಹಲಗೆ, ಎಂಟು ಮೊಳೆ. ಸಂದಿಗೆಲ್ಲ ಹಳೇ ಬಟ್ಟೆ ತುರುಕಿದಳು.

"ಇನ್ಮೇಲೆ ನಿಮ್ಮನ್ನ ಯಾರಾದ್ರೂ ಅನ್ಲಿ, ನೋಡೋಣ!"

"ಬಡಗಿ ಮನೇಲಿ ಹುಟ್ಬೇಕಿತ್ತು ಕಣೇ ನೀನು," ಅಂದಿದ್ದ ಅಪ್ಪ, ಮೇಜು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು.

*

ಅಮ್ಮ ಹೆಣದ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಅಮ್ಮಾ, ಅಪ್ಪ ಕುಡೀತಿರ್ಲಿಲ್ಲ."

"ಮತ್ತೇನು?" ಅಮ್ಮ ತಿರುಗಲಿಲ್ಲ.

"ಕೆಂಡದ ಗಾಳಿ. ವಿಷ. ಅದಕ್ಕೆ ವಾಸನೆ ಇರಲ್ವಂತೆ."

ಅಮ್ಮನ ಮುಖ ಸಡಿಲಾಯಿತು. ನಿನ್ನೆಯಿಂದ ಕಟ್ಟಿಕೊಂಡಿದ್ದದ್ದು ಒಮ್ಮೆಲೇ ಒಡೆಯಿತು. "ಅಯ್ಯೋ, ಎಷ್ಟು ಮಾತಾಡಿಬಿಟ್ಟೆನಲ್ರೀ... ಒಂದಿನಾನಾದ್ರೂ ತಿರುಗಿ ಬೈಬಾರದಿತ್ತಾ ನನ್ನ..."

ಇಲ್ಲಿಗೆ ನಿಲ್ಲಿಸಬಹುದಿತ್ತು. ಬಾಗಿಲಲ್ಲಿ ನಿಂತ ಅತ್ತೆ ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದಳು. ಅಮ್ಮ ಮೂಗೊರೆಸಿಕೊಂಡಳು.

"ಹೌದೇ, ಮದುವೆಗೆ ಮುಂಚಿನಿಂದಲೂ ಕೆಂಡದ ಜೊತೇನೇ ಇದ್ದವರು. ಎರಡು ವರ್ಷದಿಂದ ಈ ಗಾಳಿ ಎಲ್ಲಿಂದ ಬಂತು?"

ಮಗಳು ಅವಳ ಎದುರಿಗೆ ಮಂಡಿಯೂರಿದಳು. "ಹೋಗೋಕೆ ದಾರಿ ಇರ್ಲಿಲ್ಲಮ್ಮ. ಕಿಂಡಿಗೆ ಹಲಗೆ ಇತ್ತು."

ಒಂದನ್ನೂ ಮುಚ್ಚಿಡಲಿಲ್ಲ.

ಅಮ್ಮ ಎದ್ದು, ಕುರ್ಚಿಗಳ ನಡುವೆ ಹಾದು, ಅಂಗಡಿಗೆ ಹೋಗಿ ಮೇಜು ಹತ್ತಿದಳು. "ನಾನು ತೆಗೀತೀನಿ ತಾಯಿ," ಅಂದ ಬಾಯ್ಲರಿನ ಮುದುಕನ ಮಾತು ಅವಳಿಗೆ ಕೇಳಿಸಲಿಲ್ಲ. ಮೇಜು ಅಲುಗಿತು, ಮಗಳು ಓಡಿಬಂದು ಹಿಡಿದುಕೊಂಡಳು. ಹಲಗೆ ಮೊಳೆಗಳ ಸಮೇತ ಕಿತ್ತುಬಂತು.

ಅಮ್ಮ ಅದನ್ನು ಕೆಳಗಿಡಲಿಲ್ಲ. ಹಾಗೇ ಎತ್ತಿಕೊಂಡು ಬಂದು ಗಂಡನ ಪಕ್ಕ ಕೂತು ಮಡಿಲಲ್ಲಿಟ್ಟುಕೊಂಡಳು. ಅತ್ತೆ ಹಲಗೆಯನ್ನು ಬಿಡಿಸಿಕೊಳ್ಳಲು ಮೆಲ್ಲಗೆ ಎಳೆದಳು. ಎಂಟೂ ಮೊಳೆಗಳು ಅಮ್ಮ ಉಟ್ಟ ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದವು.