ಒಂದು ಕ್ಷೌರದ ಹೊತ್ತಿನ ಯುದ್ಧ

"ಇನ್ನೂ ಎಷ್ಟು ಜನ ಉಳಿದಿದ್ದಾರೆ?" ಎಂದು ಅತ್ತಿಗೆ ಕೇಳಿದಾಗ ಕ್ಷೌರಿಕ ನೋಟುಬುಕ್ಕಿನ ಮೇಲೆ ಬೆರಳಾಡಿಸಿ, "ಹತ್ತೊಂಬತ್ತು" ಎಂದ. ಹಾಗೆನ್ನುವಾಗ ಅವನ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇಣುಕಿತು. ತಪ್ಪಾದದ್ದು ಅಲ್ಲೇ.

"ಹೋದ ವಾರಾನೂ ಹತ್ತೊಂಬತ್ತೇ ಇತ್ತಲ್ಲೋ!"

"ಇಲ್ಲ ಅತ್ತಿಗೆ, ಹೋದ ವಾರ ಇಪ್ಪತ್ತೊಂದು."

"ಮೂರು ವಾರದಿಂದ ಒಂದೇ ಸೇತುವೆ ಮೇಲೆ ನಿಂತಿದ್ದೀವಿ, ಮೈದುನಪ್ಪಾ. ನಿಜವಾದ ಸೇತುವೆ ಆಗಿದ್ರೆ ಇಷ್ಟೊತ್ತಿಗೆ ಕಟ್ಟಿ, ಬಣ್ಣ ಹೊಡೆದು, ಒಂದ್ಸಲ ರಿಪೇರೀನೂ ಮಾಡಿರೋರು. ಕೇಳು, ಇವತ್ತು ಐದು ಗಂಟೆಯೊಳಗೆ ಆ ಕಡೆ ದಡ ಮುಟ್ಟಿಸದಿದ್ರೆ ಮುಂದಿನ ವಾರದಿಂದ ನನ್ನ ದಾರಿ ಕಾಯಬೇಡ."

ಅತ್ತಿಗೆ ಮಾತಿಗೆ ತಪ್ಪುವವಳಲ್ಲ. ಆಕೆ ಎದ್ದರೆ ಉಳಿದಿಬ್ಬರೂ ಏಳುತ್ತಾರೆ, ಆಟವೂ ಏಳುತ್ತದೆ. ನಾಲ್ಕು ವರ್ಷಗಳಿಂದ ಅಂಗಡಿಯ ವಾರದ ರಜೆಯ ಮಧ್ಯಾಹ್ನ ಅವನು ಬದುಕುತ್ತಿದ್ದುದೇ ಈ ಆಟದಲ್ಲಿ. ಎರಡು ಸ್ಟೂಲುಗಳ ಮೇಲೆ ಹಲಗೆಯಿಟ್ಟು, ಅದರ ಮೇಲೆ ಚೌಕುಳಿ ಗೀಚಿದ ಕಾಗದ ಹಾಸಿ, ಅವನು ಕಥೆ ಹೇಳುವನು. ಕಥೆಯೊಳಗಿನ ಒಬ್ಬೊಬ್ಬ ಸಾಹಸಿಯನ್ನು ಒಬ್ಬೊಬ್ಬರು ನಡೆಸುವರು. ಗೆಲುವು ಸೋಲನ್ನು ಇಪ್ಪತ್ತು ಮುಖದ ದಾಳ ಹೇಳುವುದು; ದೊಡ್ಡ ಅಂಕಿ ಬಿದ್ದಷ್ಟೂ ಒಳ್ಳೆಯದು. ಆಸ್ಪತ್ರೆಯಲ್ಲಿ ದಿನವಿಡೀ ಗಾಯ ಕಟ್ಟುವ ಅತ್ತಿಗೆ ಇಲ್ಲಿ ಬಿಲ್ಲು ಹಿಡಿದ ಕಳ್ಳಿ. ಲಾರಿ ಡ್ರೈವರ್ ಖಡ್ಗಧಾರಿ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮಾಂತ್ರಿಕರು.

ಕಾಡು ಸುತ್ತುವಾಗ, ಕೋಟೆ ಹುಡುಕುವಾಗ ಕಥೆ ಸರಾಗವಾಗಿ ಓಡುತ್ತಿತ್ತು. ಕಾಳಗ ಶುರುವಾಯಿತೆಂದರೆ ಮಾತ್ರ ಎಲ್ಲವೂ ಸರದಿಯ ಪ್ರಕಾರ ನಡೆಯಬೇಕು, ಅಲ್ಲೇ ಗಾಡಿ ಕೆಸರಿಗಿಳಿಯುತ್ತಿತ್ತು. ಮೇಷ್ಟ್ರು ಬೆಂಕಿಯುಂಡೆ ಎಸೆಯುವ ಮುನ್ನ ಕೋನಮಾಪಕ ತೆಗೆದು ಕಾಗದದ ಮೇಲೆ ಅಳತೆ ಹಿಡಿಯುವರು. ಡ್ರೈವರ್ ತನ್ನ ಸರದಿ ಬರುವಷ್ಟರಲ್ಲಿ ಒಂದು ನಿದ್ದೆ ಮುಗಿಸಿ, "ಎಲ್ಲಿಗೆ ಬಂದ್ವಿ ಗುರೂ?" ಎಂದು ಕೇಳುವನು. ಇವರಿಬ್ಬರನ್ನೂ ಮೀರಿಸಿದವನು ಕ್ಷೌರಿಕನೇ. ಸೇತುವೆಗೆ ಅಡ್ಡ ನಿಂತ, ಬಾಟಲಿ ಮುಚ್ಚಳಗಳಿಂದ ಮಾಡಿದ ಅವನ ಕುಳ್ಳ ರಾಕ್ಷಸರಲ್ಲಿ ಪ್ರತಿಯೊಬ್ಬನಿಗೂ ಒಂದು ಕೇಶವಿನ್ಯಾಸ, ಅದಕ್ಕೊಪ್ಪುವ ಹೆಸರು: ಗುಂಗುರು, ಬೋಳ, ಜಡೆ, ಅರೆಮೀಸೆ. ಪ್ರತಿಯೊಬ್ಬನ ಪೆಟ್ಟಿಗೂ ಪ್ರತ್ಯೇಕ ದಾಳ, ಪ್ರತ್ಯೇಕ ವರ್ಣನೆ. ಕತ್ತಿನ ಹಿಂದೆ ಒಂದೆಳೆ ಕೂದಲು ಉಳಿದರೂ ಗಿರಾಕಿಯನ್ನು ಕುರ್ಚಿಯಿಂದ ಏಳಗೊಡದ ಕೈ ಅದು. ರಾಕ್ಷಸರ ವಿಷಯದಲ್ಲಿ ಬೇರೆ ರೀತಿ ಇರುವುದು ಹೇಗೆ?

ಅವನೂ ಉಪಾಯವಿಲ್ಲದೆ ಬಂದಿರಲಿಲ್ಲ. ಮೊಟ್ಟೆ ಬೇಯಿಸುವಾಗ ಹೊತ್ತು ನೋಡುವ ಮರಳಿನ ಗಡಿಯಾರವನ್ನು ಅಡುಗೆಮನೆಯಿಂದ ತಂದಿದ್ದ. ಅದನ್ನು ಮೇಷ್ಟ್ರ ಮುಂದೆ ತಲೆಕೆಳಗಾಗಿಸಿ, "ಮರಳು ಮುಗಿಯೋದ್ರೊಳಗೆ ಹೇಳ್ಬೇಕು ಮೇಷ್ಟ್ರೇ" ಎಂದ.

ಮೇಷ್ಟ್ರು ಗಡಿಬಿಡಿಯಿಂದ ಅಳತೆಗೆ ಬಾಗಿದರು. ಕೋನಮಾಪಕ ಜಾರಿ ನೆಲಕ್ಕೆ ಬಿತ್ತು. ಅದನ್ನು ಹುಡುಕಿ ಎತ್ತಿಕೊಳ್ಳುವಷ್ಟರಲ್ಲಿ ಮರಳು ಮುಗಿದಿತ್ತು. ಅವರು ಕನ್ನಡಕ ತೆಗೆದು, ಒರೆಸುವಂಥದೇನೂ ಇಲ್ಲದಿದ್ದರೂ ಒರೆಸತೊಡಗಿದರು. "ನನ್ನನ್ನ ಬಿಟ್ಟು ಆಡ್ಕೊಳ್ರಪ್ಪಾ. ನಾನು ನೋಡ್ತಾ ಕೂತಿರ್ತೀನಿ."

"ಪರೀಕ್ಷೆ ಹಾಲ್ ಮಾಡ್ಬಿಟ್ಟೆ ನೋಡು, ಮಹಾರಾಯ" ಎಂದಳು ಅತ್ತಿಗೆ. ಕ್ಷೌರಿಕ ಕಿವಿ ಕೆಂಪಾಗಿಸಿಕೊಂಡು ಗಡಿಯಾರವನ್ನು ಡ್ರಾಯರಿನೊಳಗೆ ತುರುಕಿದ. ನಾಲ್ಕೂವರೆಯಾಗಿತ್ತು.

ಅಷ್ಟರಲ್ಲಿ ಅರ್ಧ ಇಳಿಸಿದ್ದ ಷಟರಿನ ಕೆಳಗಿನಿಂದ ಒಂದು ಗಡ್ಡ ಇಣುಕಿತು. "ಸಾರ್, ಎಲ್ಲಾ ಕಡೆ ಮುಚ್ಚಿದೆ. ನಾಳೆ ಬೆಳಿಗ್ಗೆ ಇಂಟರ್ವ್ಯೂ. ಈ ಮುಖ ಹೊತ್ಕೊಂಡು ಹೋದ್ರೆ ಗೇಟಲ್ಲೇ ಹಿಡೀತಾರೆ."

ಕ್ಷೌರಿಕ ಆ ಗಡ್ಡವನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಕೊನೆಗೆ ಕುರ್ಚಿಯನ್ನು ಟವೆಲಿನಿಂದ ಕೊಡವಿದ.

"ಸರಿ, ನಾವು ಹೊರಡೋಣ" ಎಂದಳು ಅತ್ತಿಗೆ.

"ಕೂತಿರಿ ಅತ್ತಿಗೆ, ಆಟ ನಿಲ್ಲಲ್ಲ."

ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತಿ, ಮುಖಕ್ಕೆಲ್ಲ ನೊರೆ ಬಳಿದು, ಕನ್ನಡಿಯಲ್ಲಿ ಹಲಗೆಯನ್ನು ನೋಡುತ್ತ ಅವನು ಬ್ಲೇಡು ಹಿಡಿದ. ಜನ ತುಂಬಿದ ದಿನಗಳಲ್ಲಿ ಗಿರಾಕಿಗಳಿಗೆ ಸರದಿ ಹೇಳುವ ದನಿ ತಾನಾಗಿ ಬಾಯಿಗೆ ಬಂತು. "ಅತ್ತಿಗೆ, ನಿಮ್ಮ ಸರದಿ. ಡ್ರೈವರ್ರೇ, ನಿಮ್ಮದು ಆಮೇಲೆ, ದಾಳ ಕೈಲಿ ಹಿಡ್ಕೊಂಡಿರಿ. ಅದಾದ ಮೇಲೆ ಕುಳ್ಳರು. ಮೇಷ್ಟ್ರೇ, ನಿಮ್ಮದು ಕೊನೇಗೆ. ಈಗಿಂದಲೇ ಅಳತೆ ಶುರು ಮಾಡಿ, ನಿಧಾನವಾಗಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು.

"ನಾಯಕನ ಗಂಟಲಿಗೇ ಬಾಣ" ಎಂದು ಅತ್ತಿಗೆ ದಾಳ ಉರುಳಿಸಿದಳು. "ಹದಿನೇಳು!"

"ಬಿದ್ದ. ಡ್ರೈವರ್ರೇ?"

ಡ್ರೈವರ್ ಎಚ್ಚರವಾಗಿದ್ದ. ಒಂದೇ ಬೀಸಿಗೆ ಇಬ್ಬರನ್ನು ನದಿಗೆ ಕೆಡವಿದ. "ಕುಳ್ಳರ ದಾಳ ಯಾರು ಹಾಕೋದು ಗುರೂ? ನಿನ್ನ ಕೈ ತುಂಬ ನೊರೆ."

"ನೀವೇ ಹಾಕಿ."

"ಹದಿನಾರು ಜನಕ್ಕೂ?"

ಬ್ಲೇಡು ಗಿರಾಕಿಯ ದವಡೆಯ ಬಳಿ ಅರೆಗಳಿಗೆ ನಿಂತಿತು. "ಎಲ್ಲರಿಗೂ ಸೇರಿ ಒಂದೇ" ಎಂದ ಕ್ಷೌರಿಕ, ಹಲ್ಲು ಕೀಳಿಸಿಕೊಂಡವನ ಹಾಗೆ.

ಬಿದ್ದದ್ದು ನಾಲ್ಕು. ಕುಳ್ಳರ ಸೈನ್ಯವೆಲ್ಲ ಒಟ್ಟಿಗೆ ಕೊಡಲಿ ಬೀಸಿ ಒಟ್ಟಿಗೆ ಎಡವಿತು. ಕುರ್ಚಿಯಲ್ಲಿದ್ದವನ ಹೊಟ್ಟೆ ಕುಲುಕಿತು.

"ನಗಬೇಡಿ ಸ್ವಾಮಿ, ಬ್ಲೇಡಿದೆ. ಮೇಷ್ಟ್ರೇ?"

"ಮೂವತ್ತೆಂಟು ಡಿಗ್ರಿ" ಎಂದರು ಮೇಷ್ಟ್ರು, ಕೋನಮಾಪಕದ ಮೇಲಿಂದ ತಲೆಯೆತ್ತದೆ. "ಬೆಂಕಿಯುಂಡೆ ಸೇತುವೆಯ ಉದ್ದಕ್ಕೂ ಹೋಗುತ್ತೆ. ಹನ್ನೊಂದು ಜನ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ." ದಾಳ ಹಲಗೆಯ ಅಂಚಿನವರೆಗೆ ಓಡಿ ನಿಂತಿತು. ಹತ್ತೊಂಬತ್ತು. ಹನ್ನೊಂದು ಮುಚ್ಚಳಗಳು ಟಿಣಿಟಿಣಿಸುತ್ತ ಮಗುಚಿದವು. ಮೇಷ್ಟ್ರ ಬೆನ್ನನ್ನು ಡ್ರೈವರ್ ಎಷ್ಟು ಜೋರಾಗಿ ತಟ್ಟಿದನೆಂದರೆ ಕನ್ನಡಕ ಮೂಗಿನ ತುದಿಗಿಳಿಯಿತು.

ಐದಕ್ಕೆ ಮೂರು ನಿಮಿಷವಿತ್ತು. ಸೇತುವೆಯ ಮೇಲೆ ಐವರು ಉಳಿದಿದ್ದರು, ಅವರಲ್ಲೊಬ್ಬ ಜಡೆ. ಜಡೆಯೊಳಗೆ ವಿಷದ ಸೂಜಿ ಅಡಗಿಸಿಟ್ಟವನು; ಅವನೊಬ್ಬನಿಗಾಗಿಯೇ ಕ್ಷೌರಿಕ ಮೂರು ಪುಟ ಬರೆದಿದ್ದ. ಆ ಸೂಜಿ ಇನ್ನೂ ಹೊರಬಂದೇ ಇರಲಿಲ್ಲ. ಅವನು ಬ್ಲೇಡನ್ನು ಒರೆಸಿದ. ಕನ್ನಡಿಯಲ್ಲಿ ಮೂರು ಮುಖಗಳು ಅವನನ್ನೇ ನೋಡುತ್ತಿದ್ದವು. ಮೂರು ವಾರಗಳಲ್ಲಿ ಮೊದಲ ಬಾರಿಗೆ ಮೂರೂ ಎಚ್ಚರವಾಗಿದ್ದವು.

"ನಾಯಕ ಬಿದ್ದ, ಸೈನ್ಯ ಸುಟ್ಟುಹೋಯ್ತು" ಎಂದ ಕ್ಷೌರಿಕ. "ಉಳಿದ ಐದು ಜನ ಕೊಡಲಿ ಬಿಸಾಡಿ... ಓಡಿಹೋದ್ರು."

"ಓಡಿಹೋದ್ರಾ?" ಅತ್ತಿಗೆಗೆ ನಂಬಿಕೆ ಬರಲಿಲ್ಲ. "ನಿನ್ನ ಕುಳ್ಳರು?"

"ಅವರಿಗೂ ಮನೆ ಮಠ ಇಲ್ವಾ ಅತ್ತಿಗೆ?"

ಡ್ರೈವರ್ ಸಿಳ್ಳೆ ಹೊಡೆದ. ಅತ್ತಿಗೆ ತನ್ನ ಕಳ್ಳಿಯ ಕಾಯಿಯನ್ನು ಎರಡು ಬೆರಳಲ್ಲಿ ಹಿಡಿದು, ಚೌಕದಿಂದ ಚೌಕಕ್ಕೆ ನಡೆಸುತ್ತ, ಸೇತುವೆಯ ಕೊನೆಗೆ ತಂದು ನಿಲ್ಲಿಸಿದಳು. "ಆಯ್ತು, ದಾಟಿದೆ. ಈ ಕಡೆ ಏನಿದೆ?"

"ಒಂದು ಬಾಗಿಲು. ಒಳಗಡೆಯಿಂದ ಯಾರೋ ಚಿಲಕ ತೆಗೀತಿದ್ದಾರೆ."

"ಯಾರು ಸಾರ್?" ಎಂದು ಕೇಳಿದವನು ಕುರ್ಚಿಯಲ್ಲಿದ್ದ ಗಿರಾಕಿ.

ಕ್ಷೌರಿಕ ಕಾಲಿನಿಂದ ಕುರ್ಚಿಯನ್ನು ಮೆಲ್ಲಗೆ ಹಲಗೆಯ ಕಡೆಗೆ ತಿರುಗಿಸಿದ. ಮೇಷ್ಟ್ರು ಆಗಲೇ ಬಾಗಿಲಿನ ಅಗಲ ಅಳೆಯತೊಡಗಿದ್ದರು. ಗೋಡೆಯ ಗಡಿಯಾರ ಐದು ಹೊಡೆದು ಸುಮ್ಮನಾಯಿತು. ಅತ್ತಿಗೆ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಗಿರಾಕಿಯ ಎಡಗೆನ್ನೆಯ ಮೇಲೆ ಬಳಿದಿದ್ದ ನೊರೆ ಗುಳ್ಳೆ ಗುಳ್ಳೆಯಾಗಿ ಒಡೆಯುತ್ತ ಒಣಗುತ್ತಿತ್ತು.